ತಾಮರ, ಇಸುಬು ಮತ್ತು ಕಾಂಗ್ರೆಸ್ ಗಿಡ

ಹೋದ ಶ್ರಾವಣದಲ್ಲಿ ಅಪ್ಪ ನನ್ನ ಜೊತೆ ಮಾದಾಪುರದಲ್ಲಿ ಇರಲು ಬಂದಿದ್ದ. ತೊಗರಿ ಬಿತ್ತಿ, ಎಡೆ ಹೊಡೆದು, ಕಳೆ ತೆಗೆಸಿ ಮುಗಿಸಿಯೇ ಸೇಡಂನಲ್ಲಿ ರೈಲು ಹತ್ತಿದ್ದು. ಲಿಂಗಂಪಲ್ಲಿಯಲ್ಲಿ ಇಳಿದವನ ಮುಖ ನೋಡಿ ನನಗೆ ಮಾತು ಹೊರಡಲಿಲ್ಲ. ಕಣ್ಣಿನ ರೆಪ್ಪೆ ಬಾತಿದ್ದವು. ಕುತ್ತಿಗೆಯ ಚರ್ಮ ಎತ್ತಿನ ಹೆಗಲಿನ ಹಾಗೆ ದಪ್ಪಗೆ, ಕಪ್ಪಗೆ ಆಗಿತ್ತು. ಮೊಣಕೈ ಸಂದಿಯಲ್ಲಿ ಕೆರೆದ ಗಾಯ. ರಾತ್ರಿ ಊಟವಾದ ಮೇಲೆ ನಮ್ಮ ಬೀದಿಯ ಮೆಡಿಕಲ್ ಶಾಪಿಗೆ ಹೋದೆವು. ನನ್ನ ಹರಕು ತೆಲುಗು ಕೇಳಿಸಿಕೊಂಡ ಹುಡುಗ ಅಪ್ಪನ ಕುತ್ತಿಗೆಯ ಕಡೆ ಒಮ್ಮೆ ನೋಡಿ, 'ತಾಮರನಾ ಅನ್ನಾ?' ಅಂದು, ಉತ್ತರಕ್ಕೂ ಕಾಯದೆ ಒಂದು ಟ್ಯೂಬ್ ತೆಗೆದು ಮೇಜಿನ ಮೇಲಿಟ್ಟ. ಚೀಟಿ ಕೇಳಲಿಲ್ಲ.

'ಅವ ಏನಂದ?' ಅಪ್ಪ ಕೇಳಿದ.

'ಗಜಕರ್ಣ ಅಂತ ತಿಳದಾನ.'

'ನಿಮ್ಮ ಆಯಿ ಇದ್ದಿದ್ರ ಅವನ ಕಪಾಳಕ್ಕ ಕೊಡ್ತಿದ್ಳು' ಅಂದು ಅಪ್ಪ ನಕ್ಕ. ಬಾತ ಮುಖದಲ್ಲಿ ಆ ನಗು ಪೂರ್ತಿ ಅರಳಲಿಲ್ಲ.

ತೆಲುಗಿನಲ್ಲಿ ತಾಮರ ಎಂದರೆ ಕಮಲ. ಚರ್ಮದ ಮೇಲೆ ಗುಂಡಗೆ ಹಬ್ಬುವ ಗಜಕರ್ಣಕ್ಕೂ ಅದೇ ಹೆಸರು, ಇಸುಬಿಗೂ ಎಷ್ಟೋ ಸಲ ಅದೇ ಹೆಸರು. ನಮ್ಮ ಕಡೆಯ ಮುದುಕಿಯರು ಇಷ್ಟು ಉದಾರಿಗಳಲ್ಲ. ಅವರಲ್ಲಿ ಕಜ್ಜಿ ಬೇರೆ, ಹುರುಕು ಬೇರೆ, ಚಿಬ್ಬು ಬೇರೆ, ತೊನ್ನು ಬೇರೆ, ಸರ್ಪಸುತ್ತು ಬೇರೆ. ಗಜಕರ್ಣ ಎಂದರೆ ಅಂಚು ಎದ್ದು, ನಡುವೆ ತಿಳಿಯಾಗಿ, ಉಂಗುರದಂತೆ ದೊಡ್ಡದಾಗುವುದು, ಒಬ್ಬರಿಂದ ಒಬ್ಬರಿಗೆ ಹತ್ತುವುದು. ಇಸುಬು ಎಂದರೆ ಅಂಚಿಲ್ಲದ್ದು, ಒಸರುವುದು, ಒಣಗಿ ಹೊಪ್ಪಳಿಕೆ ಕಟ್ಟುವುದು, ಮತ್ತೆ ಒಸರುವುದು, ಒಬ್ಬರಿಂದ ಒಬ್ಬರಿಗೆ ಹತ್ತದ್ದು. ಮೊದಲನೆಯದು ಶಿಲೀಂಧ್ರದ ಕೆಲಸ, ಎರಡನೆಯದು ಚರ್ಮವೇ ಯಾವುದಕ್ಕೋ ಸಿಟ್ಟಾಗಿ ಮಾಡಿಕೊಳ್ಳುವ ಉರಿಯೂತ ಎಂದು ಸೂಕ್ಷ್ಮದರ್ಶಕವಿಲ್ಲದ ನಮ್ಮ ಆಯಿಗೆ ಗೊತ್ತಿರಲಿಲ್ಲ. ಆದರೆ ಎರಡಕ್ಕೂ ಒಂದೇ ಔಷಧಿ ಹಚ್ಚಬಾರದು ಎಂಬುದು ಗೊತ್ತಿತ್ತು.

ಅಪ್ಪನಿಗೆ ಇದು ಶುರುವಾದದ್ದು 1994ರ ಮಳೆಗಾಲದಲ್ಲಿ. ಆಗ ನನಗೆ ಎಂಟು ವರ್ಷ. ಮೊದಲು ಓಣಿಯವರೊಬ್ಬರು ತಗಚಿ ಸೊಪ್ಪು ಅರೆದು ಹಚ್ಚಲು ಹೇಳಿದರು. ತಗಚೆಯ ಸಂಸ್ಕೃತ ಹೆಸರೇ ದದ್ರುಘ್ನ, ಗಜಕರ್ಣವನ್ನು ಕೊಲ್ಲುವುದು ಎಂದು. ಆಯಿ ಬೇಡವೆಂದಳು. 'ಇದು ಗಜಕರ್ಣ ಅಲ್ಲ, ಇಸುಬು. ಆ ಸೊಪ್ಪು ಸುಡ್ತದ.' ಅಪ್ಪ ಕೇಳಲಿಲ್ಲ, ಹಚ್ಚಿಕೊಂಡ. ಮರುದಿನ ಕತ್ತು ತಿರುಗಿಸಲು ಬರದಷ್ಟು ಉರಿ. ಆಮೇಲೆ ಆಯಿಯ ಸರದಿ. ಬೇವಿನ ಎಲೆ ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯುವುದು, ಹೊಂಗೆ ಎಣ್ಣೆ ಸವರುವುದು, ಬದನೆಕಾಯಿ ಬಂದ್. ಉರಿ ತಗ್ಗಿತು. ಬೇಸಿಗೆಗೆ ಪೂರ್ತಿ ಹೋದಂತೆಯೂ ಆಯಿತು. ಮುಂದಿನ ಮಳೆಗಾಲಕ್ಕೆ ಮತ್ತೆ ಬಂತು. ಬೇವು, ಹೊಂಗೆ ಗುಣ ಮಾಡುತ್ತವೆಂದು ನಾವು ನಂಬಿದ್ದು ಆ ಬೇಸಿಗೆಯಿಂದ. ಬೇಸಿಗೆಯಲ್ಲಿ ಹೊಲದಲ್ಲಿ ಇನ್ನೊಂದು ಗಿಡವೂ ಒಣಗಿರುತ್ತದೆ ಎಂಬ ಲೆಕ್ಕ ಯಾರ ತಲೆಗೂ ಬರಲಿಲ್ಲ.

ಆಯಿಯ ಔಷಧಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಬೇವಿನ ಕಹಿಯ ಹಿಂದೆ ಗಟ್ಟಿಯಾದ ರಸಾಯನವಿದೆ. ಸಲೀಮುಜ್ಜಮಾನ್ ಸಿದ್ದಿಕಿ ಬೇವಿನ ಎಣ್ಣೆಯಿಂದ ನಿಂಬಿನ್, ನಿಂಬಿನಿನ್, ನಿಂಬಿಡಿನ್ ಎಂಬ ಮೂರು ಕಹಿ ವಸ್ತುಗಳನ್ನು ಬೇರ್ಪಡಿಸಿ 1942ರಲ್ಲಿ ಪ್ರಕಟಿಸಿದ್ದು ನಮ್ಮ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಎಣ್ಣೆ ಸವರುವುದಕ್ಕಂತೂ ಇನ್ನೂ ಹಳೆಯ ಬೇರಿದೆ. ನಮ್ಮೂರಿಂದ ದೂರವೇನಲ್ಲದ ಕಲ್ಯಾಣದಲ್ಲಿ ಕೂತು 12ನೇ ಶತಮಾನದಲ್ಲಿ ಮೂರನೆಯ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಅಭ್ಯಂಜನಕ್ಕೇ ಒಂದು ಭಾಗವಿದೆ. ಒಣಚರ್ಮಕ್ಕೆ ಜಿಡ್ಡು ಬೇಕು ಎಂಬಲ್ಲಿಗೆ ಇಂದಿನ ಚರ್ಮವೈದ್ಯರೂ ಬಂದು ನಿಂತಿದ್ದಾರೆ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ತಂಡವೊಂದು, ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದರೆ ಹುಟ್ಟುಗುಣದ ಎಕ್ಸಿಮಾ ಬರುವ ಸಾಧ್ಯತೆ ಬಹಳ ಹೆಚ್ಚು ಎಂದು ತೋರಿಸಿದ ಮೇಲೆ ಮಾಯಿಶ್ಚರೈಸರ್ ಚಿಕಿತ್ಸೆಯ ತಳಪಾಯವೇ ಆಗಿದೆ. ಆದರೆ ಎಲ್ಲ ಎಣ್ಣೆಯೂ ಒಂದಲ್ಲ. 2013ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಆಲಿವ್ ಎಣ್ಣೆ ಚರ್ಮದ ತಡೆಯನ್ನು ಸಡಿಲ ಮಾಡಿತು, ಸೂರ್ಯಕಾಂತಿ ಎಣ್ಣೆ ಮಾಡಲಿಲ್ಲ. ದುಬಾರಿ ಆಲಿವ್ ಎಣ್ಣೆ ತಂದು ಕೂಸಿಗೆ ಸವರುವ ನನ್ನ ಆಫೀಸಿನ ಗೆಳೆಯರಿಗೆ ಇದನ್ನು ಹೇಳಿ ಬೈಸಿಕೊಂಡಿದ್ದೇನೆ.

ಗಿಡದ್ದು ಎಂದ ಮಾತ್ರಕ್ಕೆ ಚರ್ಮಕ್ಕೆ ಒಳ್ಳೆಯದು ಎಂಬ ನಂಬಿಕೆಗೆ ಉತ್ತರ ನಮ್ಮ ಅಗಸರ ಹತ್ತಿರವೇ ಇತ್ತು. ಬಟ್ಟೆಗೆ ಗುರುತು ಹಾಕಲು ಅವರು ಬಳಸುತ್ತಿದ್ದ ಕೇರುಬೀಜದ ರಸ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಭಾರತದಲ್ಲಿದ್ದ ಅಮೆರಿಕದ ಸೈನಿಕರ ಕುತ್ತಿಗೆಯ ಹಿಂದೆ, ಅಂದರೆ ಅಂಗಿಯ ಗುರುತು ತಾಗುವಲ್ಲಿ, ಇಂಥ ಗಾಯವಾಗತೊಡಗಿ, 1943ರಲ್ಲಿ ಅವರ ವೈದ್ಯರು ಅದಕ್ಕೆ ದೋಬಿ ಗುರುತಿನ ಚರ್ಮರೋಗ ಎಂದೇ ಹೆಸರಿಟ್ಟರು. ಅದಕ್ಕೂ ನೂರು ವರ್ಷ ಹಿಂದೆ ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಎಕ್ಸಿಮಾ ರಕ್ತದ ಕೇಡಲ್ಲ, ಚರ್ಮಕ್ಕೆ ಹೊರಗಿನಿಂದ ಆದ ಕಿರುಕುಳದಿಂದಲೂ ಬರುತ್ತದೆ ಎಂದು ತೋರಿಸಲು ಬಳಸಿದ್ದು ಜಾಪಾಳದ ಎಣ್ಣೆಯನ್ನು. ಆರೋಗ್ಯವಂತರ ಚರ್ಮಕ್ಕೆ ಅದನ್ನು ತಿಕ್ಕಿ ಎಕ್ಸಿಮಾ ಬರಿಸಿಬಿಟ್ಟ. ಜಾಪಾಳವೂ ಏಷ್ಯಾದ ಗಿಡವೇ, ನಮ್ಮ ವೈದ್ಯರ ಸಂಚಿಯಲ್ಲಿದ್ದದ್ದೇ.

ರಕ್ತದ ಕೇಡು ಎಂಬ ಮಾತು ಅಪ್ಪನಿಗೆ ಮೊದಲು ಕೇಳಿಸಿದ್ದು ಹೈದರಾಬಾದಿನಲ್ಲಿ. ನಮ್ಮ ಸೀಮೆಯವರಿಗೆ ದೊಡ್ಡ ಕಾಯಿಲೆ ಎಂದರೆ ಬೆಂಗಳೂರಲ್ಲ, ಹೈದರಾಬಾದು. 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದೆವು. ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದದ್ದು 1874ರಲ್ಲಿ, ಇವತ್ತಿಗೂ ಅದೇ ಹಳಿ. ಕುತುಬ್ ಶಾಹಿಗಳು 16ನೇ ಶತಮಾನದ ಕೊನೆಗೆ ಕಟ್ಟಿಸಿದ ದಾರುಲ್‌ಶಿಫಾದಿಂದ ಹಿಡಿದು ಇಲ್ಲಿ ಯುನಾನಿಯ ಪರಂಪರೆ ದೊಡ್ಡದು. ಚರ್ಮರೋಗಕ್ಕೆಂದೇ ಕೇಂದ್ರ ಸರ್ಕಾರದ ಯುನಾನಿ ಸಂಶೋಧನಾ ಸಂಸ್ಥೆ ಇರುವುದೂ ಇಲ್ಲೇ, ಎರ್ರಗಡ್ಡದಲ್ಲಿ. ತೊನ್ನಿನ ಚಿಕಿತ್ಸೆಗೆ ಅದು ಹೆಸರಾದದ್ದು. ಮಾದಾಪುರದಿಂದ ಮೆಟ್ರೋ ಹತ್ತಿ ಅಮೀರಪೇಟೆಯಲ್ಲಿ ಬದಲಿಸಿದರೆ ಮುಟ್ಟಬಹುದು. ಯುನಾನಿಯವರು ಎಕ್ಸಿಮಾಕ್ಕೆ ಸಾಮಾನ್ಯವಾಗಿ ಹೇಳುವ ಹೆಸರು ನಾರ್ ಫಾರ್ಸಿ, ಪಾರಸೀಕರ ಬೆಂಕಿ. ಎಕ್ಸಿಮಾ ಎಂಬ ಗ್ರೀಕ್ ಪದದ ಅರ್ಥವೂ ಕುದಿದು ಉಕ್ಕುವುದು ಎಂದೇ. ಹೆಸರಿಟ್ಟವರಿಗೆ ಆ ಉರಿಯ ಅನುಭವ ಇದ್ದಿರಬೇಕು.

ಅಪ್ಪ ಹೋದದ್ದು ಸಂಸ್ಥೆಗಲ್ಲ, ಹಳೇ ಊರಿನ ಒಬ್ಬ ಹಕೀಮರಲ್ಲಿಗೆ. ರಗತ ಕೆಟ್ಟಿದೆ, ಶುದ್ಧಿಯಾಗಬೇಕು ಎಂದು ಕಹಿ ಕಷಾಯ ಕೊಟ್ಟರು. ನಲವತ್ತು ದಿನ ಹೈದರಾಬಾದಿನ ನೆಂಟರ ಮನೆಯಲ್ಲಿ ಉಳಿದು ಕುಡಿದ. ಕಾಯಿಲೆ ಪವಾಡದಂತೆ ಇಳಿಯಿತು. ಊರಿಗೆ ಬಂದು ಹೊಲಕ್ಕೆ ಹೋದ ಮೂರನೇ ದಿನ ಮುಖ ಬಾತಿತು. ಆ ನಲವತ್ತು ದಿನದಲ್ಲಿ ಗುಣ ಮಾಡಿದ್ದು ಕಷಾಯವೋ ಹೈದರಾಬಾದೋ ಎಂದು ಕೇಳುವ ಬುದ್ಧಿ ನಮಗೆ ಬಂದದ್ದು ಎಷ್ಟೋ ವರ್ಷದ ಮೇಲೆ.

ನಮ್ಮೂರು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅದೇ ವರ್ಷ ಪುಣೆಯಲ್ಲಿ ಆರ್. ಎಸ್. ರಾವ್ ಎಂಬ ಸಸ್ಯಶಾಸ್ತ್ರಜ್ಞರು ಪಾರ್ಥೇನಿಯಂ ಎಂಬ ಹೊಸ ಕಳೆಯನ್ನು ವರದಿ ಮಾಡಿದರು. ಕ್ಯಾರೆಟ್ಟಿನಂಥ ಸೀಳೆಲೆ, ತಲೆಯ ಮೇಲೆ ಬಿಳಿಯ ಚುಕ್ಕೆ ಹೂ. ಅಮೆರಿಕದಿಂದ ಪಿ.ಎಲ್. 480 ಯೋಜನೆಯಲ್ಲಿ ಬಂದ ಗೋಧಿಯ ಜೊತೆ ಬೀಜ ಬಂತು ಎಂಬುದು ಜನಜನಿತ ಮಾತು. ಅದಕ್ಕೂ ಮೊದಲೇ ಈ ದೇಶದಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ದಾಖಲೆಗಳಿದ್ದರೂ, ಹೊಲ, ಹಳಿ, ರಸ್ತೆಗಳ ಗುಂಟ ಹಬ್ಬಿ ಪಿಡುಗಾದದ್ದು ಆಮೇಲೆಯೇ. ಒಂದು ಗಿಡ ಹದಿನೈದು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಗೋಧಿ ತಂದ ಸರ್ಕಾರದ ಲೆಕ್ಕಕ್ಕೋ, ಬಿಳಿಯ ಟೋಪಿಯ ಹೋಲಿಕೆಗೋ ನಮ್ಮ ಜನ ಅದಕ್ಕೆ ಕಾಂಗ್ರೆಸ್ ಗಿಡ ಎಂದರು. ತೆಲುಗರು ವಯ್ಯಾರಿ ಭಾಮ ಎನ್ನುತ್ತಾರೆ, ವಯ್ಯಾರದ ಹೆಣ್ಣು. ಈ ಊರಿನವರು ಕಾಯಿಲೆಗೆ ಕಮಲ ಎನ್ನುತ್ತಾರೆ, ಅದನ್ನು ತರುವ ಗಿಡಕ್ಕೆ ಭಾಮೆ ಎನ್ನುತ್ತಾರೆ, ಏನು ಹೇಳೋಣ.

ಈ ಗಿಡದಲ್ಲಿ ಪಾರ್ಥೇನಿನ್ ಎಂಬ ವಸ್ತುವಿದೆ. ಎಲೆಯ ರೋಮ, ಒಣಗಿದ ಗಿಡದ ಧೂಳು ಗಾಳಿಯಲ್ಲಿ ತೇಲಿ ಮುಖ, ರೆಪ್ಪೆ, ಕುತ್ತಿಗೆ, ಮೊಣಕೈ ಸಂದಿಗೆ ಕೂರುತ್ತದೆ. ಮುಟ್ಟಲೇಬೇಕೆಂದಿಲ್ಲ. ಮೊದಲ ದಿನವೇ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಒಡನಾಡಿದ ಮೇಲೆ ಒಂದು ದಿನ ಮೈ ಅದನ್ನು ವೈರಿ ಎಂದು ಗುರುತು ಹಿಡಿದುಬಿಡುತ್ತದೆ. ಆಮೇಲೆ ಜೀವಮಾನ ಮರೆಯುವುದಿಲ್ಲ. ಪುಣೆಯ ಲೋಣ್ಕರ್ ಮತ್ತು ಅವರ ಜೊತೆಗಾರರು 1974ರಲ್ಲಿ ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದರು. ರೋಗಿಗಳಲ್ಲಿ ಹೊಲದಲ್ಲಿ ದುಡಿಯುವ, ನಡುವಯಸ್ಸಿನ ಗಂಡಸರೇ ಹೆಚ್ಚು. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಕಾಯ್ದೆಯ ಪ್ರಕಾರ ಕೀಡೆಯ ಕಳೆ ಎಂದು ಘೋಷಿಸಿತು. ಕಾಯ್ದೆಗೆ ಗಿಡ ಹೆದರಲಿಲ್ಲ.

ಅಂದರೆ ಅಪ್ಪನ ಕಾಯಿಲೆಯ ಹೆಸರು ಅವನಿಗೆ ಅದು ಬರುವ ಇಪ್ಪತ್ತು ವರ್ಷ ಮೊದಲೇ ಅಚ್ಚಾಗಿತ್ತು. ನಮ್ಮೂರಿಗೆ ಅದು ತಲುಪಲಿಲ್ಲ. ಬದಲಿಗೆ ತಲುಪಿದ್ದು ಟ್ಯೂಬು.

ಟ್ಯೂಬಿನ ಕಥೆಯನ್ನೂ ಹೇಳಬೇಕು, ಏಕೆಂದರೆ 'ಕೆಮಿಕಲ್' ಎಂದು ಮೂಗು ಮುರಿಯುವವರಿಗೂ ಅದನ್ನು ದೇವರೆನ್ನುವವರಿಗೂ ಅದು ಗೊತ್ತಿರುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ 1948ರಲ್ಲಿ ಕೀಲುವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟ. 1950ರಲ್ಲಿ ಆತನಿಗೂ ಕೆಂಡಲ್, ರೈಕ್‌ಸ್ಟೈನ್ ಇಬ್ಬರಿಗೂ ನೊಬೆಲ್ ಬಂತು. ಮೊದಮೊದಲು ಅದನ್ನು ಎತ್ತುಗಳ ಪಿತ್ತರಸದಿಂದ, ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ಮಾಡಬೇಕಿತ್ತು, ಚಿನ್ನಕ್ಕಿಂತ ದುಬಾರಿ. ಅಷ್ಟರಲ್ಲಿ ರಸೆಲ್ ಮಾರ್ಕರ್ ಎಂಬ ಹಟಮಾರಿ ರಸಾಯನಶಾಸ್ತ್ರಜ್ಞ ಮೆಕ್ಸಿಕೋದ ಕಾಡುಗೆಣಸಿನಿಂದ ಸ್ಟಿರಾಯ್ಡ್ ಹಾರ್ಮೋನು ತೆಗೆಯುವ ದಾರಿ ಕಂಡುಹಿಡಿದಿದ್ದ. 1952ರಲ್ಲಿ ಅಪ್‌ಜಾನ್ ಕಂಪನಿಯ ವಿಜ್ಞಾನಿಗಳು, ಗೆಣಸಿನಿಂದ ಬಂದ ಆ ಹಾರ್ಮೋನನ್ನು ರೈಜೋಪಸ್ ಎಂಬ ಬೂಷ್ಟಿಗೆ ತಿನ್ನಿಸಿ, ಕಾರ್ಟಿಸೋನಿನ ದಾರಿಯಲ್ಲಿ ಅತಿ ಕಷ್ಟದ ಹೆಜ್ಜೆಯನ್ನು ಅದರಿಂದಲೇ ಮಾಡಿಸಿದರು. ಬೂಷ್ಟು ಎಂದರೆ ಹಳಸಿದ ರೊಟ್ಟಿಯ ಮೇಲೆ ಬರುತ್ತದಲ್ಲ, ಅದೇ ಕುಲ. ಅದೇ 1952ರಲ್ಲಿ ನ್ಯೂಯಾರ್ಕಿನ ಮೇರಿಯನ್ ಸುಲ್ಜ್‌ಬರ್ಗರ್ ಮತ್ತು ವಿಕ್ಟರ್ ವಿಟನ್ ಹೈಡ್ರೋಕಾರ್ಟಿಸೋನನ್ನು ಮುಲಾಮು ಮಾಡಿ ಹಚ್ಚಿದರೆ ಎಕ್ಸಿಮಾ ಇಳಿಯುತ್ತದೆ ಎಂದು ತೋರಿಸಿದರು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೂ ಇದೇ ಔಷಧಿಯ ಕಚ್ಚಾ ವಸ್ತುವಿಗಾಗಿ ಆ ಜಾತಿಯ ಗೆಣಸಿನ ತಳಿಗಳನ್ನು ಬೆಳೆಸಿದರು, ಒಂದರ ಹೆಸರು ಅರ್ಕಾ ಉಪಕಾರ್.

ಗೆಣಸು, ಬೂಷ್ಟು, ಎತ್ತಿನ ಪಿತ್ತ. ಇದನ್ನು ನೈಸರ್ಗಿಕ ಎನ್ನಬೇಕೋ ಬೇಡವೋ ನನಗೆ ತಿಳಿಯದು. ಇನ್ನೊಂದು ಕಡೆಯಿಂದಲೂ ಗೆರೆ ಅಳಿಸಿದೆ. 1999ರಲ್ಲಿ ಲಂಡನ್ನಿನ ವೈದ್ಯರು ಚೀನೀ ಗಿಡಮೂಲಿಕೆಯದೆಂದು ಮಾರಾಟವಾಗುತ್ತಿದ್ದ ಹನ್ನೊಂದು ಮುಲಾಮುಗಳನ್ನು ಪರೀಕ್ಷಿಸಿದಾಗ ಎಂಟರಲ್ಲಿ ಡೆಕ್ಸಾಮೆಥಸೋನ್ ಎಂಬ ಪ್ರಬಲ ಸ್ಟಿರಾಯ್ಡ್ ಇತ್ತು. ಮೂರೇ ದಿನಕ್ಕೆ ಗುಣ ಮಾಡುವ 'ಪ್ಯೂರ್ ಹರ್ಬಲ್' ಡಬ್ಬಿ ಕಂಡರೆ ನನಗೆ ಅನುಮಾನ ಬರುವುದು ಅದಕ್ಕೇ.

ಸ್ಟಿರಾಯ್ಡ್ ಮುಲಾಮು ಕೆಟ್ಟದ್ದಲ್ಲ. ಅಪ್ಪನ ಬಾತ ರೆಪ್ಪೆಯನ್ನು ನಾಲ್ಕು ದಿನದಲ್ಲಿ ಇಳಿಸಿದ್ದು ಅದೇ. ಎಷ್ಟು ಹಚ್ಚಬೇಕು ಎಂಬುದಕ್ಕೆ ಸರಳ ಅಳತೆಯೂ ಇದೆ. 1991ರಲ್ಲಿ ಬ್ರಿಟನ್ನಿನ ಲಾಂಗ್ ಮತ್ತು ಫಿನ್ಲೇ ಹೇಳಿದ್ದು: ತೋರುಬೆರಳ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಮುಖಕ್ಕೆ ಸೌಮ್ಯವಾದದ್ದು, ದಪ್ಪಗಾದ ಚರ್ಮಕ್ಕೆ ಪ್ರಬಲವಾದದ್ದು, ಇಳಿದ ಮೇಲೆ ಕಡಿಮೆ ಮಾಡುತ್ತ ಬರಬೇಕು. ಅಪ್ಪನಿಗೆ ಇದನ್ನು ಯಾರೂ ಹೇಳಲಿಲ್ಲ. ತಾಲೂಕಿನ ಅಂಗಡಿಯೊಂದರಲ್ಲಿ ಚೀಟಿಯಿಲ್ಲದೆ ಕೊಂಡ ಒಂದೇ ಟ್ಯೂಬನ್ನು ಹತ್ತು ಹನ್ನೆರಡು ವರ್ಷ ಮುಖಕ್ಕೂ ಕುತ್ತಿಗೆಗೂ ತಿಕ್ಕಿದ. ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ ಕೆಂಪು ನರ ಕಾಣತೊಡಗಿತು. ಬಿಟ್ಟರೆ ಇಮ್ಮಡಿ ಉರಿ, ಹಚ್ಚಿದರೆ ತೆಳು.

ಮುಲಾಮಿಗೆ ಚೀಟಿ ಕೇಳದಿದ್ದದ್ದಕ್ಕೆ ಕಾನೂನಿನ ಸಂದು ಕೂಡ ಕಾರಣ. ಸ್ಟಿರಾಯ್ಡುಗಳು ವೈದ್ಯರ ಚೀಟಿ ಬೇಕಾದ ಶೆಡ್ಯೂಲ್ ಎಚ್ ಪಟ್ಟಿಯಲ್ಲಿದ್ದರೂ ಹೊರಗೆ ಹಚ್ಚುವಂಥವಕ್ಕೆ ವಿನಾಯಿತಿ ಇತ್ತು. ಚರ್ಮವೈದ್ಯರ ಸಂಘದವರು ವರ್ಷಗಟ್ಟಲೆ ಹೊಡೆದಾಡಿದ ಮೇಲೆ 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಸ್ಟಿರಾಯ್ಡ್ ಮುಲಾಮುಗಳಿಗೆ ಆ ವಿನಾಯಿತಿ ತೆಗೆಯಿತು. ಮಾದಾಪುರದ ನಮ್ಮ ಬೀದಿಗೆ ಆ ಆದೇಶ ಇನ್ನೂ ನಡೆದು ಬರುತ್ತಿದೆ ಎಂದು ಕಾಣುತ್ತದೆ. ಆ ಹುಡುಗ ಮೇಜಿನ ಮೇಲಿಟ್ಟ ಟ್ಯೂಬಿನಲ್ಲಿ ಸ್ಟಿರಾಯ್ಡ್, ಶಿಲೀಂಧ್ರದ ಮದ್ದು, ಆಂಟಿಬಯಾಟಿಕ್ ಮೂರೂ ಇದ್ದವು. ತಾಮರವೋ ಇಸುಬೋ, ಯಾವುದಾದರೂ ಒಂದಕ್ಕೆ ತಾಗಲಿ ಎಂದು ಕತ್ತಲಲ್ಲಿ ಎಸೆದ ಕಲ್ಲು. ನಿಜವಾದ ಗಜಕರ್ಣಕ್ಕೆ ಇದನ್ನು ಹಚ್ಚಿದರೆ ತುರಿಕೆ ತಗ್ಗುತ್ತದೆ, ಉಂಗುರ ಮಾಸುತ್ತದೆ, ಶಿಲೀಂಧ್ರ ಸುಖವಾಗಿ ಒಳಗೆ ಹಬ್ಬುತ್ತದೆ. ಇದನ್ನು ಬ್ರಿಟನ್ನಿನ ವೈದ್ಯರು 1968ರಷ್ಟು ಹಿಂದೆಯೇ ಬರೆದಿಟ್ಟಿದ್ದರು. ಈಗ ನಮ್ಮ ದೇಶದಲ್ಲಿ ಮದ್ದಿಗೆ ಬಗ್ಗದ ಗಜಕರ್ಣ ಹಬ್ಬಿದೆ. ಅದರ ಶಿಲೀಂಧ್ರಕ್ಕೆ 2020ರಲ್ಲಿ ಇಟ್ಟ ಹೆಸರು ಟ್ರೈಕೋಫೈಟಾನ್ ಇಂಡೋಟಿನಿಯೆ. ಇಂಡೋ ಎಂದರೆ ನಾವೇ. ಹೀಗೆ ಮುಲಾಮು ತಿಕ್ಕಿದ್ದೂ ಇದಕ್ಕೆ ಒಂದು ಕಾರಣ ಎನ್ನುತ್ತಾರೆ ತಜ್ಞರು. ಆಯಿ ತಗಚಿಯ ಬಗ್ಗೆ ಹೇಳಿದ್ದು ಟ್ಯೂಬಿಗೂ ಸಲ್ಲುತ್ತಿತ್ತು.

ನಾನು ಟ್ಯೂಬ್ ವಾಪಸು ಕೊಟ್ಟು, ಮರುದಿನ ರಜೆ ಹಾಕಿ ಅಪ್ಪನನ್ನು ಚರ್ಮವೈದ್ಯೆಯೊಬ್ಬರ ಹತ್ತಿರ ಕರೆದೊಯ್ದೆ. ಮೊದಲು ಉರಿ ಇಳಿಸಿ, ಕೆಲವು ವಾರ ಬಿಟ್ಟು ಪ್ಯಾಚ್ ಪರೀಕ್ಷೆ ಮಾಡಿದರು. ಬೆನ್ನ ಮೇಲೆ ಸಾಲಾಗಿ ಚಿಕ್ಕ ಬಟ್ಟಲುಗಳನ್ನು ಅಂಟಿಸಿ, ಎರಡು ದಿನ ಬಿಟ್ಟು ಕಿತ್ತು ನೋಡುವುದು. 1895ರಲ್ಲಿ ಜರ್ಮನಿಯ ಯಾಡಾಸೋನ್ ಶುರು ಮಾಡಿದ ವಿಧಾನ, ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಒಂದೇ ಒಂದು ಚೌಕ ಕೆಂಪಾಗಿ ಉಬ್ಬಿತ್ತು. ವೈದ್ಯೆ ಅಪ್ಪನಿಗೆ ಫೋನಿನಲ್ಲಿ ಗಿಡದ ಚಿತ್ರ ತೋರಿಸಿದರು. ಅಪ್ಪ ಬಹಳ ಹೊತ್ತು ನೋಡಿದ.

'ಇದರಾಗ ನಾ ಮೂವತ್ತ ವರ್ಷ ಕೈಯಿಟ್ಟು ಕಿತ್ತೀನಿ' ಅಂದ.

ಮುಲಾಮಿನ ಜೊತೆ ಅಜಾಥಯೊಪ್ರಿನ್ ಎಂಬ ಮಾತ್ರೆ ಕೊಟ್ಟರು. ಈ ಕಾಯಿಲೆಗೆ ಅದು ಉಪಯೋಗಕ್ಕೆ ಬರುತ್ತದೆ ಎಂದು ದೆಹಲಿಯ ಏಮ್ಸ್‌ನ ವೈದ್ಯರು 1990ರ ದಶಕದಿಂದ ತೋರಿಸುತ್ತ ಬಂದಿದ್ದಾರೆ. ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು, ಅಸಡ್ಡೆ ಮಾಡುವ ಮಾತ್ರೆಯಲ್ಲ. ಎಲ್ಲಕ್ಕಿಂತ ದೊಡ್ಡ ಔಷಧಿ ಗಿಡದಿಂದ ದೂರವಿರುವುದು ಎಂದರು. ಮೂರು ಎಕರೆ ತೊಗರಿ ಹೊಲದವನಿಗೆ ಇದು ಸುಲಭದ ಚೀಟಿಯಲ್ಲ. 'ಇಲ್ಲೇ ಇರು' ಅಂದೆ. ಒಂದು ಸಂಜೆ ಮೆಟ್ರೋ ಕಂಬದ ಪಕ್ಕದ ಖಾಲಿ ಸೈಟಿನ ಕಡೆ ಬೆರಳು ತೋರಿಸಿದ. ಸೊಂಟದೆತ್ತರ ಕಾಂಗ್ರೆಸ್ ಗಿಡ, ತುಂಬ ಹೂ. 'ಇಲ್ಲಿ ಎಲ್ಲಿ ಇರ್ಲಿ?'

ಆ ರಾತ್ರಿ ನಾನು ಹುಡುಕಿ ಓದಿದ್ದು ಹುಳದ ಕಥೆ. ಜೈಗೋಗ್ರಾಮಾ ಎಂಬ ಚಿಕ್ಕ ಜೀರುಂಡೆ, ಕೆನೆ ಬಣ್ಣದ ಮೈಮೇಲೆ ಕಂದು ಪಟ್ಟೆ. ಕಾಂಗ್ರೆಸ್ ಗಿಡದ ಎಲೆಯೇ ಅದರ ಊಟ. ಹೆಸರಘಟ್ಟದ ಅದೇ ತೋಟಗಾರಿಕಾ ಸಂಸ್ಥೆಯ ಕೆ. ಪಿ. ಜಯಂತ್ ಮತ್ತು ಸಂಗಡಿಗರು ಅದನ್ನು ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆಲವೇ ವರ್ಷದಲ್ಲಿ ಮಳೆಗಾಲದ ಗಿಡಗಳು ಎಲೆಯಿಲ್ಲದೆ ನಿಂತವು. 1990ರ ದಶಕದ ಆರಂಭದಲ್ಲಿ ಹುಳ ಸೂರ್ಯಕಾಂತಿಯ ಮೇಲೂ ಕಂಡಿತೆಂದು ಗದ್ದಲವಾಗಿ, ಸಮಿತಿ ಕೂತು, ಹುಳ ಬಿಡುವ ಕೆಲಸ ವರ್ಷಗಟ್ಟಲೆ ನಿಂತುಹೋಯಿತು. ಕೊನೆಗೆ ಸೂರ್ಯಕಾಂತಿಗೆ ದೊಡ್ಡ ಅಪಾಯವಿಲ್ಲವೆಂದು ತೀರ್ಮಾನವಾಯಿತು. ಅಪ್ಪನ ಇಸುಬು ಶುರುವಾದದ್ದು ಅದೇ ಗದ್ದಲದ ವರ್ಷಗಳಲ್ಲಿ.

ಗಿಡಕ್ಕೆ ಎದುರಾಗಿ ಗಿಡವನ್ನೇ ಬೆಳೆಸುವ ದಾರಿಯೂ ಇದೆ. ಧಾರವಾಡ ಸೀಮೆಯಲ್ಲಿ ತಗಚೆಯ ಜಾತಿಯದೇ ಆದ ಕ್ಯಾಸಿಯಾ ಸೆರಿಸಿಯಾ ಕಾಂಗ್ರೆಸ್ ಗಿಡವನ್ನು ಒತ್ತಿ ಹಾಕಿ ಬೆಳೆಯುವುದನ್ನು ಕೃಷಿ ವಿಜ್ಞಾನಿಗಳು ಗಮನಿಸಿದರು. ನಮ್ಮ ತಗಚಿಯೂ ಆ ಕೆಲಸಕ್ಕೆ ಬರುತ್ತದೆ. ಬೇಸಿಗೆಯ ಕೊನೆಗೆ ಬೀಜ ಚೆಲ್ಲಿದರೆ ಮಳೆ ಬಿದ್ದೊಡನೆ ಅದು ಮೊದಲು ಮೇಲೇಳುತ್ತದೆ. ಇದನ್ನು ಓದಿ ಹೇಳಿದಾಗ ಅಪ್ಪ ಎದ್ದು ಕೂತ. 'ಹಚ್ಚಿಕೊಂಡ್ರ ಸುಡ್ತದ, ಬಿತ್ತಿದ್ರ ಕಾಯ್ತದೇನು?' ಎಂದು ಎರಡು ಸಲ ಕೇಳಿದ.

ಮಹಾನವಮಿಗೆ ಮೊದಲು ಹೊರಟ. ಉದ್ದ ತೋಳಿನ ಎರಡು ಅಂಗಿ, ಕುತ್ತಿಗೆಗೆ ಹತ್ತಿ ವಸ್ತ್ರ, ಕೈಗವಸು, ದೊಡ್ಡ ಡಬ್ಬಿ ಮುಲಾಮು, ಬೆರಳ ತುದಿಯ ಚಿತ್ರ ಬರೆದು ತಾರೀಖು ಗುರುತು ಹಾಕಿದ ಹಾಳೆ, ರಕ್ತ ಪರೀಕ್ಷೆಯ ದಿನಗಳು. ಹೊಲದ ಕಳೆ ಕೂಲಿಯವರು ಹೂ ಬರುವ ಮುಂಚೆಯೇ ಕೀಳಬೇಕು, ಅವರಿಗೂ ಕೈಗವಸು ಕೊಡಬೇಕು, ಅಪ್ಪ ಹೋಗಬಾರದು ಎಂದು ಒಪ್ಪಂದ. ಒಪ್ಪಿದಂತೆ ತಲೆ ಹಾಕಿದ. ತಲೆ ಹಾಕುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ.

ಈ ವರ್ಷ ಮೃಗಶಿರ ಮಳೆಗೆ ಬದುವಿನ ಗುಂಟ ತಗಚಿ ಬೀಜ ಚೆಲ್ಲಿಸಿದ್ದಾನೆ. ಓಣಿಯವರು ನಕ್ಕರಂತೆ. ಹೋದ ವಾರ ತಂಗಿಯ ಫೋನಿನಿಂದ ಒಂದು ಫೋಟೋ ಬಂತು. ಕಾಂಗ್ರೆಸ್ ಗಿಡದ ಎಲೆ ತೂತು ತೂತಾಗಿದೆ, ಮೇಲೆ ಪ್ರಯಾಣದ ಚೀಲದಂತೆ ಪಟ್ಟೆಯ ಹುಳ ಒಂದು. ಫೋಟೋದ ಮೂಲೆಯಲ್ಲಿ ಎಲೆ ಹಿಡಿದ ಹೆಬ್ಬೆರಳು ಕಾಣುತ್ತದೆ. ಅಪ್ಪನದೇ. ಕೈಗವಸಿಲ್ಲ.